ಯಾರಿಗೆ ಹೇಳ್ತಿದ್ದಾರೆ ಇವರು? ವೈಜ್ಞಾನಿಕ ಸಿನಿಮಾ ರೇಡಿಯೋ ನಾಟಕವಾಗುವ ಬಗೆ

ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ. ಬಹಳ ವರ್ಷಗಳ ಹಿಂದೆ ಅರ್ಧ ಗಂಟೆಯ ಒಂದು ರೇಡಿಯೋ ನಾಟಕ ಬರೆದೆ. ಬೇರೆ ಗ್ರಹದ ನೌಕೆಯೊಂದು ಬಯಲಿನಲ್ಲಿ ಇಳಿಯುತ್ತದೆ, ಮೂರು ಜನ ನಿಂತು ನೋಡುತ್ತಾರೆ. ಒಬ್ಬ ಹೇಳುತ್ತಾನೆ, "ಅಯ್ಯೋ, ಅಲ್ಲಿ ನೋಡು, ತಟ್ಟೆಯಂಥ ಬೆಳ್ಳನೆಯ ನೌಕೆ!" ಇನ್ನೊಬ್ಬ, "ಹೌದು, ಅದರ ಅಡಿಯಿಂದ ನೀಲಿ ಬೆಳಕು ಬರುತ್ತಿದೆ!" ಮೂರನೆಯವನು, "ಎಡಗಡೆ ಬಾಗಿಲು ತೆರೆಯಿತು, ಮೂರು ಮೆಟ್ಟಿಲು ಕೆಳಗಿಳಿಯಿತು!"

ರೆಕಾರ್ಡಿಂಗ್ ನಡೆಯುತ್ತಿತ್ತು. ಗಾಜಿನ ಆಚೆ ಕೂತಿದ್ದ ಸೌಂಡ್ ಎಂಜಿನಿಯರ್ ಬಟನ್ ಒತ್ತಿ ಕೇಳಿದರು: "ಸರ್, ಮೂವರಿಗೂ ಕಣ್ಣು ಕಾಣುತ್ತೆ ತಾನೆ? ಮತ್ತೆ ಯಾರಿಗೆ ಹೇಳ್ತಿದ್ದಾರೆ ಇವರು?"

ನಟರೆಲ್ಲ ನಕ್ಕುಬಿಟ್ಟರು. ನಾನೂ ನಕ್ಕೆ, ಆದರೆ ಉತ್ತರ ಇರಲಿಲ್ಲ. ಆಮೇಲೆ ಎಷ್ಟೋ ನಾಟಕ ಬರೆದಿದ್ದೇನೆ, ಒಂದೊಂದು ಮಾತು ಬರೆದಾಗಲೂ ಆ ಬಟನ್ ಒತ್ತಿದ ಸದ್ದು ಕಿವಿಯಲ್ಲಿ ಕೇಳಿಸುತ್ತದೆ.

ವೈಜ್ಞಾನಿಕ ಸಿನಿಮಾ, ಅಂದರೆ ಸೈನ್ಸ್ ಫಿಕ್ಷನ್, ಬಹುಪಾಲು ಕಣ್ಣಿನ ವ್ಯವಹಾರ, ಅಲ್ವಾ? ದುಡ್ಡು ಸುರಿಯುವುದೆಲ್ಲ ಕಣ್ಣಿಗೆ. 1950ರಲ್ಲಿ ಜಾರ್ಜ್ ಪಾಲ್ ತಯಾರಿಸಿದ ‘ಡೆಸ್ಟಿನೇಷನ್ ಮೂನ್’ ತಗೊಳ್ಳಿ. ನಾಲ್ಕು ಜನ ರಾಕೆಟ್ಟಿನಲ್ಲಿ ಚಂದ್ರನಿಗೆ ಹೋಗುವ ಕಥೆ. ಆಗಿನ್ನೂ ಚಂದ್ರನ ಮೇಲೆ ಯಾರೂ ಕಾಲಿಟ್ಟಿರಲಿಲ್ಲ. ಆ ನೆಲವನ್ನೂ ಕಪ್ಪು ಆಕಾಶವನ್ನೂ ಚೆಸ್ಲಿ ಬೋನ್‌ಸ್ಟೆಲ್ ಎಂಬ ಕಲಾವಿದರು ಬಣ್ಣದಲ್ಲಿ ಬರೆದುಕೊಟ್ಟರು. ಸ್ಪೆಷಲ್ ಎಫೆಕ್ಟ್ಸ್‌ಗೆ ಚಿತ್ರಕ್ಕೆ ಆಸ್ಕರ್ ಬಂತು. ಅದೇ ಕಥೆ 1950ರ ಜೂನ್ 24ರಂದು ಎನ್‌ಬಿಸಿ ರೇಡಿಯೋದ ‘ಡೈಮೆನ್ಷನ್ ಎಕ್ಸ್’ ಸರಣಿಯಲ್ಲಿ ಒಂದು ಕಂತಾಗಿ ಪ್ರಸಾರವಾಯಿತು. ಅರ್ಧ ಗಂಟೆ ಅಷ್ಟೇ. ಬೋನ್‌ಸ್ಟೆಲ್ ಅವರ ಚಂದ್ರ ಇಲ್ಲ, ಆಸ್ಕರ್ ತಂದುಕೊಟ್ಟ ಒಂದು ಫ್ರೇಮೂ ಇಲ್ಲ.

ಹಾಗಾದರೆ ಉಳಿದದ್ದೇನು? ಕಥೆಯ ಹೊಟ್ಟೆಯಲ್ಲಿ ಏನಿದೆ ನೋಡಿ. ಇಳಿಯುವಾಗ ಇಂಧನ ಜಾಸ್ತಿ ಖರ್ಚಾಗಿಬಿಡುತ್ತದೆ. ವಾಪಸ್ ಬರಬೇಕಾದರೆ ರಾಕೆಟ್ಟಿನ ತೂಕ ಇಳಿಯಬೇಕು. ಸಿಕ್ಕಿದ್ದನ್ನೆಲ್ಲ ಬಿಚ್ಚಿ ಬಿಸಾಡುತ್ತಾರೆ. ಆದರೂ ಸಾಲುವುದಿಲ್ಲ. ಒಬ್ಬ ಮನುಷ್ಯನ ತೂಕದಷ್ಟು ಇನ್ನೂ ಜಾಸ್ತಿ ಇದೆ.

ಇದನ್ನು ಈಗ ಕಣ್ಣು ಮುಚ್ಚಿಕೊಂಡು ಕೇಳಿ. ಸ್ಪ್ಯಾನರ್ ತಿರುಗಿಸುವ ಸದ್ದು. ಕಬ್ಬಿಣ ಎಳೆದುಕೊಂಡು ಹೋಗುವ ಸದ್ದು. ಹೊರಗೆ ಬಿದ್ದ ಸದ್ದು ಕೇಳಿಸಬಾರದು, ಅಲ್ಲಿ ಗಾಳಿಯೇ ಇಲ್ಲ. ನಡುನಡುವೆ ಒಬ್ಬ ತೂಕದ ಲೆಕ್ಕ ಓದುತ್ತಾನೆ. ಅಂಕಿ ಇಳಿಯುತ್ತಾ ಬರುತ್ತದೆ. ಒಂದು ಕಡೆ ನಿಂತುಬಿಡುತ್ತದೆ. ಯಾರೂ ಮಾತಾಡುವುದಿಲ್ಲ. ಕೇಳುಗ ಆಗಲೇ ಮನಸ್ಸಿನಲ್ಲಿ ಕಳೆಯುವ ಲೆಕ್ಕ ಮಾಡಿ ಮುಗಿಸಿರುತ್ತಾನೆ. ಪಾತ್ರ ಬಾಯಿ ಬಿಡುವ ಮೊದಲೇ ಅವನಿಗೆ ಗೊತ್ತು, ಒಬ್ಬ ಇಲ್ಲೇ ಉಳಿಯಬೇಕು. ಇಲ್ಲಿ ಕಣ್ಣಿಗೆ ಏನು ಕೆಲಸ ಹೇಳಿ?

ಚಿತ್ರದ ಕೊನೆಗೆ ಅವರು ಬಿಸಾಡುವ ಸಾಮಾನುಗಳಲ್ಲಿ ರಾಕೆಟ್ಟಿನ ರೇಡಿಯೋ ಕೂಡ ಒಂದು. ಅದು ಹೋದರೆ ಭೂಮಿಯ ಜೊತೆಗಿನ ನಂಟು ಕಡಿದಂತೆ. ಸಿನಿಮಾದಲ್ಲಿ ಅದು ಇನ್ನೊಂದು ಪೆಟ್ಟಿಗೆ, ಅಷ್ಟೇ. ರೇಡಿಯೋ ನಾಟಕದಲ್ಲಿ ಅದಕ್ಕೆ ಬೇರೆಯೇ ತೂಕ. ಅಲ್ಲಿಯವರೆಗೆ ಭೂಮಿಯಿಂದ ಬರುತ್ತಿದ್ದ ಆ ಗೊರಗೊರ ಧ್ವನಿ ಇನ್ನು ಇಲ್ಲ. ನಾನು ಈ ಕಂತನ್ನು ಬರೆದರೆ ಆ ಗೊರಗೊರವನ್ನು ಮೊದಲಿಂದಲೂ ಹಿನ್ನೆಲೆಯಲ್ಲಿ ಇಟ್ಟುಕೊಂಡು ಬರುತ್ತೇನೆ, ಕೇಳುಗ ಅದನ್ನು ಮರೆತೇಬಿಡುವಷ್ಟು. ಆಮೇಲೆ ಒಂದೇ ಸಲಕ್ಕೆ ತೆಗೆಯುತ್ತೇನೆ.

ಬಿಡಬೇಕಾದದ್ದೂ ಇದೆ. ದುಡ್ಡು ಹಾಕುವವರಿಗೆ ರಾಕೆಟ್ ಹೇಗೆ ಹಾರುತ್ತದೆ ಅಂತ ತಿಳಿಸಲು ಆ ಚಿತ್ರದಲ್ಲಿ ವುಡಿ ವುಡ್‌ಪೆಕರ್ ಕಾರ್ಟೂನ್ ಒಂದನ್ನು ತೋರಿಸುತ್ತಾರೆ. ಅದನ್ನು ಕಿವಿಗೆ ತರಲು ಒದ್ದಾಡಬೇಡಿ. ಬಂದೂಕು ಹಾರಿಸಿದರೆ ಭುಜಕ್ಕೆ ಒದೆ ಬೀಳುತ್ತದೆ ಅಂತ ಒಂದು ಸಾಲು, ಒಂದು ಢಮಾರ್. ಮುಗಿಯಿತು.

ಅಂದ ಹಾಗೆ, ಆ ಜೂನ್ 24ರ ಪ್ರಸಾರಕ್ಕೆ ಇನ್ನೊಂದು ಕಥೆ ಇದೆ. ನಾಟಕ ನಡೆಯುತ್ತಿರುವಾಗಲೇ ಸುದ್ದಿ ಪ್ರಕಟಣೆ ಅಡ್ಡ ಬಂತು. ಕೊರಿಯಾದಲ್ಲಿ ಯುದ್ಧ ಶುರುವಾಗಿತ್ತು. ಚಂದ್ರನ ದಾರಿಯಲ್ಲಿದ್ದವರು ದಿಢೀರನೆ ಭೂಮಿಗೆ ಬಂದರು. ನಾನು ಇದನ್ನು ಸುಮ್ನೆ ಸ್ವಾರಸ್ಯಕ್ಕೆ ಹೇಳುತ್ತಿಲ್ಲ. ರೇಡಿಯೋದಲ್ಲಿ ಕಥೆಯೂ ಸುದ್ದಿಯೂ ಬರುವುದು ಒಂದೇ ಪೆಟ್ಟಿಗೆಯಿಂದ, ಒಂದೇ ಬಗೆಯ ಧ್ವನಿಯಲ್ಲಿ. ಸಿನಿಮಾ ಥಿಯೇಟರಿನಲ್ಲಿ ಪರದೆಗೆ ಒಂದು ಅಂಚಿರುತ್ತದೆ. ರೇಡಿಯೋಗೆ ಅಂಚಿಲ್ಲ.

ಈ ಅಂಚಿಲ್ಲದ ಗುಣವನ್ನು ಚೆನ್ನಾಗಿ ಅರಿತಿದ್ದವರು ಆರ್ಸನ್ ವೆಲ್ಸ್ ಮತ್ತು ಅವರ ತಂಡ. 1938ರ ಅಕ್ಟೋಬರ್ 30ರ ‘ವಾರ್ ಆಫ್ ದಿ ವರ್ಲ್ಡ್ಸ್’ ನಿಮಗೆಲ್ಲ ಗೊತ್ತಿರುತ್ತದೆ, ಮಂಗಳ ಗ್ರಹದವರು ಭೂಮಿಗೆ ದಾಳಿ ಇಟ್ಟರು ಅಂತ ಸುದ್ದಿ ಪ್ರಸಾರದ ಧಾಟಿಯಲ್ಲಿ ಹೇಳಿದ ರೇಡಿಯೋ ನಾಟಕ. ಅದು ಸಿನಿಮಾದಿಂದ ಅಲ್ಲ, ಎಚ್.ಜಿ. ವೆಲ್ಸ್ ಕಾದಂಬರಿಯಿಂದ ಬಂದದ್ದು. ಆದರೂ ಈ ಕೆಲಸಕ್ಕೆ ಕೈ ಹಾಕುವವರು ಅದನ್ನು ಕೇಳದೆ ಮುಂದೆ ಹೋಗಬಾರದು. ಇಡೀ ದೇಶ ಬೀದಿಗೆ ಓಡಿತು ಅನ್ನುವ ಮಾತನ್ನು ಪತ್ರಿಕೆಗಳು ಉಬ್ಬಿಸಿದ್ದೇ ಜಾಸ್ತಿ, ಅದನ್ನು ಬಿಡಿ. ನೀವು ಗಮನಿಸಬೇಕಾದದ್ದು ವರದಿಗಾರ ಸಾಯುವ ಜಾಗ. ಆ ಪಾತ್ರ ಮಾಡಿದ ಫ್ರಾಂಕ್ ರೀಡಿಕ್, ಹಿಂದಿನ ವರ್ಷ ಹಿಂಡನ್‌ಬರ್ಗ್ ವಾಯುನೌಕೆ ಉರಿದಾಗ ರೇಡಿಯೋ ವರದಿಗಾರ ಗದ್ಗದಿತನಾಗಿ ಮಾತಾಡಿದ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳಿ ಅಭ್ಯಾಸ ಮಾಡಿದ್ದರಂತೆ. ಬೆಂಕಿ ಹತ್ತಿರ ಬರುತ್ತಿದೆ ಅಂತ ವರದಿಗಾರ ಹೇಳುತ್ತಿರುತ್ತಾನೆ. ಮಾತು ತುಂಡಾಗುತ್ತದೆ. ಆಮೇಲೆ ಆರು ಸೆಕೆಂಡಿನಷ್ಟು ಹೊತ್ತು ಏನೂ ಇಲ್ಲ. ಕಿರುಚಾಟ ಇಲ್ಲ, ಸಂಗೀತ ಇಲ್ಲ.

ಮನೆಗೆ ಹೋಗಿ ಗಡಿಯಾರ ಹಿಡಿದು ಆರು ಸೆಕೆಂಡ್ ಸುಮ್ಮನೆ ಕೂತು ನೋಡಿ. ರೇಡಿಯೋದಲ್ಲಿ ಅದು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಮತ್ತೆ ಆ ಎಂಜಿನಿಯರ್ ಪ್ರಶ್ನೆ. ಇಲ್ಲಿ ವರದಿಗಾರ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳುತ್ತಾನೆ, ಥೇಟ್ ನನ್ನ ಮೂರು ಪಾತ್ರಗಳ ಹಾಗೆ. ಆದರೆ ಯಾರಿಗೂ ಅಸಹಜ ಅನ್ನಿಸುವುದಿಲ್ಲ. ಏಕೆಂದರೆ ಅವನ ಎದುರಿಗಿರುವುದು ಕಾಣದವರು, ರೇಡಿಯೋ ಕೇಳುವವರು. ಹೇಳುವುದೇ ಅವನ ಕೆಲಸ. ನನ್ನ ಎಡವಟ್ಟು ಏನೆಂದರೆ, ಕಾಣುವವರೇ ಕಾಣುವವರಿಗೆ ಹೇಳುತ್ತಿದ್ದರು.

ಇದು ಹೊಳೆದ ಮೇಲೆ ನಾನು ಸಿನಿಮಾ ನೋಡುವ ರೀತಿಯೇ ಬದಲಾಯಿತು. ಯಾವುದನ್ನಾದರೂ ರೇಡಿಯೋಗೆ ತರಬೇಕಾದರೆ ಪೆನ್ಸಿಲ್ ಹಿಡಿದು ಕೂರುತ್ತೇನೆ. ಅದ್ಭುತ ದೃಶ್ಯಗಳಿಗೆ ಗುರುತು ಹಾಕುವುದಿಲ್ಲ. ಪಾತ್ರಕ್ಕೂ ಕಣ್ಣು ಕಾಣದ ಜಾಗ ಯಾವುದು ಅಂತ ಹುಡುಕುತ್ತೇನೆ. ಕತ್ತಲೆ, ಮುಚ್ಚಿದ ಬಾಗಿಲು, ಫೋನಿನ ಆಚೆ ಬದಿ, ಮಂಜು, ಹೆಲ್ಮೆಟ್ಟಿನ ಒಳಗು. ಅಲ್ಲಿ ಕೇಳುಗನೂ ಪಾತ್ರವೂ ಒಂದೇ ಸ್ಥಿತಿಯಲ್ಲಿ ಇರುತ್ತಾರೆ. ಅಂಥ ನಾಲ್ಕೈದು ಜಾಗ ಸಿಕ್ಕರೆ ಕಂತು ಸಿಕ್ಕಿತು ಅಂತಲೇ ಲೆಕ್ಕ. ಉಳಿದದ್ದನ್ನು ಅವುಗಳ ನಡುವೆ ಹೊಲಿಯಬಹುದು.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ 1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’. ನಿರ್ದೇಶಕರು ರಾಬರ್ಟ್ ವೈಸ್. 92 ನಿಮಿಷದ ಚಿತ್ರ. ಕ್ಲಾಟು ಎಂಬ ಬೇರೆ ಲೋಕದವನು ವಾಷಿಂಗ್ಟನ್‌ನಲ್ಲಿ ನೌಕೆ ಇಳಿಸುತ್ತಾನೆ. ಜೊತೆಗೆ ಗಾರ್ಟ್ ಎಂಬ ಎತ್ತರದ ರೋಬೋ. ಇದು 1954ರ ಜನವರಿ 4ರಂದು ‘ಲಕ್ಸ್ ರೇಡಿಯೋ ಥಿಯೇಟರ್’ನಲ್ಲಿ ಒಂದು ಗಂಟೆಯ ನಾಟಕವಾಗಿ ಬಂತು. ಸಿನಿಮಾದಲ್ಲಿ ಕ್ಲಾಟು ಆಗಿದ್ದ ಮೈಕಲ್ ರೆನಿ ಅವರೇ ರೇಡಿಯೋದಲ್ಲೂ ಮಾತಾಡಿದರು. ಕ್ಲಾಟು ತಂಗುವ ಮನೆಯಲ್ಲಿರುವ ಹೆಲೆನ್ ಎಂಬವಳ ಪಾತ್ರ ಪೆಟ್ರೀಷಿಯಾ ನೀಲ್ ಅವರಿಂದ ಜೀನ್ ಪೀಟರ್ಸ್ ಅವರಿಗೆ ಹೋಯಿತು.

ಲಕ್ಸ್ ಅಂದರೆ ಹೌದು, ಅದೇ ಸೋಪು. ಗಂಟೆಯ ಕಾರ್ಯಕ್ರಮವನ್ನು ಮೂರು ಅಂಕ ಮಾಡಿ ನಡುವೆ ಸೋಪಿನ ಜಾಹೀರಾತು ಹಾಕುತ್ತಿದ್ದರು. ನಗಬೇಡಿ. ರೂಪಾಂತರ ಮಾಡುವವನಿಗೆ ಆ ಸೋಪು ದೊಡ್ಡ ಮೇಷ್ಟ್ರು. ಜಾಹೀರಾತು ಮುಗಿಯುವ ತನಕ ಕೇಳುಗ ರೇಡಿಯೋದ ಕಿವಿ ತಿರುಗಿಸಬಾರದು. ಹಾಗಾಗಿ ಅಂಕದ ಕೊನೆಗೆ ಏನಾದರೂ ತೂಗುಬಿಡಲೇಬೇಕು. ನಾನಾದರೆ ಮೊದಲ ಅಂಕವನ್ನು ಕ್ಲಾಟು ಆಸ್ಪತ್ರೆಯಿಂದ ತಪ್ಪಿಸಿಕೊಂಡ ಕಡೆ ನಿಲ್ಲಿಸುತ್ತೇನೆ. ಎರಡನೆಯದನ್ನು ಎಲ್ಲಿ ನಿಲ್ಲಿಸುತ್ತೇನೆ ಅಂತ ಈಗ ಹೇಳುತ್ತೇನೆ.

ಆ ಚಿತ್ರದ ಆರಂಭವೇ ರೇಡಿಯೋಗೆ ಉಡುಗೊರೆ. ನೌಕೆ ಬರುತ್ತಿರುವ ಸುದ್ದಿ ಲೋಕಕ್ಕೆ ತಿಳಿಯುವುದೇ ಪ್ರಸಾರಕರ ಬಾಯಿಂದ. ಎಲ್ಮರ್ ಡೇವಿಸ್, ಎಚ್.ವಿ. ಕಾಲ್ಟನ್‌ಬಾರ್ನ್, ಡ್ರೂ ಪಿಯರ್ಸನ್ ಮುಂತಾದ ಅಂದಿನ ನಿಜವಾದ ಸುದ್ದಿಗಾರರು ಚಿತ್ರದಲ್ಲಿ ತಮ್ಮ ಪಾತ್ರದಲ್ಲೇ ಬರುತ್ತಾರೆ. ಯಾರಿಗೆ ಹೇಳುತ್ತಿದ್ದಾರೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಆದರೆ ನಿಜವಾದ ಬಂಗಾರ ಇರುವುದು ಮುಂದೆ. ತನ್ನ ಶಕ್ತಿ ತೋರಿಸಲು ಕ್ಲಾಟು ಅರ್ಧ ಗಂಟೆ ಕಾಲ ಲೋಕದ ವಿದ್ಯುತ್ತನ್ನೆಲ್ಲ ನಿಲ್ಲಿಸುತ್ತಾನೆ. ಆಸ್ಪತ್ರೆ, ಹಾರುತ್ತಿರುವ ವಿಮಾನಗಳನ್ನು ಮಾತ್ರ ಬಿಟ್ಟು. ಸಿನಿಮಾದಲ್ಲಿ ಇದು ಕಣ್ಣಿನ ಹಬ್ಬ: ನಿಂತ ಕಾರುಗಳು, ನಿಂತ ಯಂತ್ರಗಳು, ನಾನಾ ದೇಶದ ಬೀದಿಗಳು. ರೇಡಿಯೋದವನು ಇದನ್ನು ನೋಡಿ ಹೆದರುತ್ತಾನೆ. ಕಾರು ನಿಂತಿತು, ಟ್ರಾಮ್ ನಿಂತಿತು, ಲಂಡನ್ನಿನಲ್ಲೂ ನಿಂತಿತು ಅಂತ ನಿರೂಪಕನಿಂದ ಪಟ್ಟಿ ಓದಿಸುತ್ತಾನೆ. ಬೇಡ ಮಾರಾಯರೇ! ಆ ಹೊತ್ತಿಗೆ ಹೆಲೆನ್ ಮತ್ತು ಕ್ಲಾಟು ಎಲ್ಲಿದ್ದಾರೆ ನೋಡಿ. ಲಿಫ್ಟಿನಲ್ಲಿ. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಲಿಫ್ಟ್ ನಿಲ್ಲುತ್ತದೆ, ದೀಪ ಆರುತ್ತದೆ. ಇನ್ನು ಅರ್ಧ ಗಂಟೆ ಇಬ್ಬರೂ ಕತ್ತಲಲ್ಲಿ.

ಇದು ಸಿನಿಮಾದ ಒಳಗೆ ಬಚ್ಚಿಟ್ಟುಕೊಂಡಿದ್ದ ರೇಡಿಯೋ ನಾಟಕ. ಇಬ್ಬರು, ಒಂದು ಪೆಟ್ಟಿಗೆ, ಕತ್ತಲೆ. ಅವನು ಯಾರು ಅನ್ನುವುದು ಅವಳಿಗೆ ಗೊತ್ತಾಗುವುದೂ ಇಲ್ಲೇ. ಇದನ್ನು ಬರೆಯುವಾಗ ನಾನು ಮೊದಲು ಸದ್ದು ಕಟ್ಟುತ್ತೇನೆ. ಲಿಫ್ಟಿನ ಮೋಟಾರು, ಕಚೇರಿಯ ಟೈಪ್‌ರೈಟರ್, ಹೊರಗಿನ ಹಾರ್ನ್, ಎಲ್ಲೋ ಒಂದು ಫೋನ್. ಇವುಗಳಲ್ಲಿ ಒಂದಾದರೂ ಹಿಂದಿನ ಐದು ನಿಮಿಷದ ಎಲ್ಲ ದೃಶ್ಯದಲ್ಲೂ ಇರಬೇಕು. ಆಮೇಲೆ ಮೋಟಾರು ಗೊಣಗಿ ನಿಲ್ಲುತ್ತದೆ. ಹಾರ್ನ್ ಇಲ್ಲ, ಫೋನ್ ಇಲ್ಲ. ಟೈಪ್‌ರೈಟರ್ ಮಾತ್ರ ನಾಲ್ಕು ಅಕ್ಷರ ಮುಂದೆ ಹೋಗಿ ನಿಲ್ಲುತ್ತದೆ, ಅದಕ್ಕೆ ಕರೆಂಟ್ ಬೇಡ, ಹೊಡೆಯುವವಳಿಗೆ ಗಾಬರಿ. ಆ ನಾಲ್ಕು ಅಕ್ಷರದಿಂದ ಇಡೀ ಊರು ನಿಂತದ್ದು ಕೇಳುಗನಿಗೆ ಗೊತ್ತಾಗುತ್ತದೆ. ಕತ್ತಲಲ್ಲಿ ಎರಡು ಉಸಿರು. ಅವನು ಟೈಮ್ ಎಷ್ಟು ಅಂತ ಕೇಳುತ್ತಾನೆ. ಇಲ್ಲಿ ನಾನು ಎರಡನೇ ಅಂಕ ಮುಗಿಸುತ್ತೇನೆ. ಈಗ ಬರಲಿ ಸೋಪು.

ಗಾರ್ಟ್ ಮಾತ್ರ ತಲೆನೋವು. ಅವನು ಮಾತಾಡುವುದಿಲ್ಲ. ಸಿನಿಮಾದಲ್ಲಿ ಅದೇ ಅವನ ಭಯಂಕರ ಗುಣ. ಏಳು ಅಡಿಗೂ ಎತ್ತರದ ಲಾಕ್ ಮಾರ್ಟಿನ್ ಆ ಪೋಷಾಕಿನೊಳಗೆ ಸುಮ್ಮನೆ ನಿಂತರೆ ಸಾಕಿತ್ತು. ರೇಡಿಯೋದಲ್ಲಿ ಸುಮ್ಮನಿರುವವನು ಹೆದರಿಸುವುದಿಲ್ಲ, ಮಾಯವಾಗುತ್ತಾನೆ. ಇದು ಹೊಸಬರೆಲ್ಲ ಮಾಡುವ ತಪ್ಪು. ದೃಶ್ಯದಲ್ಲಿ ಐದು ಜನ ಇರುತ್ತಾರೆ, ಅದರಲ್ಲಿ ಇಬ್ಬರು ಅರ್ಧ ಪುಟ ಬಾಯಿ ಬಿಡುವುದಿಲ್ಲ. ಕೇಳುಗನ ಪಾಲಿಗೆ ಆ ಇಬ್ಬರು ಎದ್ದು ಹೋಗಿಯಾಯಿತು. ಆಮೇಲೆ ಥಟ್ಟನೆ ಒಬ್ಬ ಮಾತಾಡಿದರೆ ಇವನು ಯಾವಾಗ ಬಂದ ಅಂತ ಗೊಂದಲ.

ಗಾರ್ಟ್‌ಗೆ ಎರಡು ದಾರಿ. ಒಂದು, ಅವನಿಗೊಂದು ಸದ್ದು ಕೊಡುವುದು: ಲೋಹದ ಹೆಜ್ಜೆ, ಒಳಗಿನ ಸಣ್ಣ ಗುಂಯ್. ಎರಡು, ಅವನ ಇರವನ್ನು ಬೇರೆಯವರ ಧ್ವನಿಯಲ್ಲಿ ಕೇಳಿಸುವುದು. ಕೊನೆಯಲ್ಲಿ ಹೆಲೆನ್ ಅವನೆದುರು ಒಂಟಿಯಾಗಿ ಸಿಕ್ಕಿಬೀಳುತ್ತಾಳಲ್ಲ, ಅಲ್ಲಿ ನನ್ನ ಆಯ್ಕೆ ಎರಡನೆಯದು. ಹೆಜ್ಜೆ ನಿಲ್ಲಲಿ. ಅವಳ ಉಸಿರು ಮೈಕಿಗೆ ತೀರಾ ಹತ್ತಿರ ಬರಲಿ. ಅವನನ್ನು ತಡೆಯಲು ಕ್ಲಾಟು ಹೇಳಿಕೊಟ್ಟ ಮೂರು ಪದ ಅವಳು ಹೇಳಬೇಕು: ಕ್ಲಾಟು ಬರಾಡಾ ನಿಕ್ಟೋ. ಗಂಟಲು ಒಣಗಿ ಮೊದಲ ಸಲ ಪೂರ್ತಿ ಬರುವುದಿಲ್ಲ. ಈ ಮಾತಿನ ಅರ್ಥ ಏನು ಅಂತ ಚಿತ್ರದಲ್ಲಿ ಎಲ್ಲೂ ಹೇಳುವುದಿಲ್ಲ, ಗೊತ್ತಾ? ಕಿವಿಗೇ ಮಾಡಿಟ್ಟ ಹಾಗಿದೆ. ಅನುವಾದ ಮಾಡಲು ಹೋಗಬೇಡಿ.

ಸಂಗೀತದ ಬಗ್ಗೆ ಒಂದು ಮಾತು. ಈ ಚಿತ್ರದ ಸಂಗೀತ ಬರ್ನಾರ್ಡ್ ಹರ್ಮನ್ ಅವರದು. ಥೆರೆಮಿನ್ ಎಂಬ, ಕೈ ತಾಗಿಸದೆ ನುಡಿಸುವ ವಾದ್ಯ ಎರಡನ್ನು ಬಳಸಿದರು. ಇದೇ ಹರ್ಮನ್ 1938ರಲ್ಲಿ ಆರ್ಸನ್ ವೆಲ್ಸ್ ಅವರ ರೇಡಿಯೋ ತಂಡದ ಸಂಗೀತ ನಿರ್ದೇಶಕ. ನಿರ್ದೇಶಕ ವೈಸ್ ಅವರೂ ಹಿಂದೆ ವೆಲ್ಸ್ ಅವರ ‘ಸಿಟಿಜನ್ ಕೇನ್’ ಸಂಕಲನ ಮಾಡಿದವರು. ಈ ಸಿನಿಮಾ ಇಷ್ಟು ಚೆನ್ನಾಗಿ ಕಿವಿಗೆ ಕೇಳುತ್ತದಲ್ಲ, ನನಗೆ ಅದು ಕಾಕತಾಳೀಯ ಅನ್ನಿಸುವುದಿಲ್ಲ.

ಯಾರೂ ಕೇಳಿರದ ಸದ್ದನ್ನು ಹೇಗೆ ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಪಕ್ಕಾ ಅಪರಿಚಿತ ಸದ್ದು ರೇಡಿಯೋದಲ್ಲಿ ಬರೀ ಗಲಾಟೆಯಾಗಿ ಕೇಳುತ್ತದೆ. ಅದಕ್ಕೆ ಅಡಿಪಾಯವಾಗಿ ಮನೆಯದೊಂದು ಸದ್ದು ಬೇಕು. 1938ರ ನಾಟಕದಲ್ಲಿ ಮಂಗಳದವರ ಸಿಲಿಂಡರಿನ ಮುಚ್ಚಳ ತಿರುಗುವ ಸದ್ದಿಗೆ ಟಾಯ್ಲೆಟ್ಟಿನೊಳಗೆ ಜಾಡಿಯ ಮುಚ್ಚಳ ತಿರುಗಿಸಿದರು ಅಂತ ಹೇಳುತ್ತಾರೆ. ಜಾಡಿಯ ಸದ್ದು ಪರಿಚಿತ, ಗೋಡೆಗೆ ಬಡಿದು ಬರುವ ಆ ಟೊಳ್ಳು ಗುಂಯ್ ಪರಿಚಿತವಲ್ಲ. ಸಿನಿಮಾಗೆ ಸದ್ದು ರೂಪಿಸುವ ಬೆನ್ ಬರ್ಟ್ ‘ಸ್ಟಾರ್ ವಾರ್ಸ್’ನಲ್ಲಿ ಮುಖವಾಡದ ಖಳ ಡಾರ್ತ್ ವೇಡರ್ ಉಸಿರಾಟಕ್ಕೆ ನೀರಿನಡಿ ಈಜುವವರ ಉಸಿರಾಟದ ಉಪಕರಣದೊಳಗೆ ಮೈಕ್ ಇಟ್ಟರು. ಅದೂ ಇದೇ ಲೆಕ್ಕ.

ಈಗ ಕಷ್ಟದ್ದು. 1968ರ ‘2001: ಎ ಸ್ಪೇಸ್ ಒಡಿಸ್ಸಿ’. ಮೊದಲ 25 ನಿಮಿಷ ಒಂದೂ ಮಾತಿಲ್ಲ. ಇದನ್ನು ರೇಡಿಯೋಗೆ ತರಬಹುದಾ ಅಂತ ನನ್ನನ್ನು ಒಬ್ಬ ವಿದ್ಯಾರ್ಥಿ ಕೇಳಿದ. ಇಡೀ ಚಿತ್ರ ಬೇಡ ಅಂದೆ. ಒಂದು ಕಂತು ಆಗಬಹುದು, ಬಾಹ್ಯಾಕಾಶ ನೌಕೆಯನ್ನು ನಡೆಸುವ ಹಾಲ್ ಎಂಬ ಕಂಪ್ಯೂಟರಿನದು. ಹಾಲ್ ಅಂದರೆ ಒಂದು ಕೆಂಪು ಕಣ್ಣು ಮತ್ತು ಒಂದು ಮೆತ್ತನೆಯ ಧ್ವನಿ. ಕಣ್ಣು ಹೋದರೂ ಧ್ವನಿ ಸಾಕು. ಅದರ ನೆನಪನ್ನು ಒಂದೊಂದಾಗಿ ಕಳಚುವಾಗ ಹಾಡುತ್ತಾ ಹಾಡುತ್ತಾ ದನಿ ದಪ್ಪವಾಗಿ ನಿಧಾನವಾಗುತ್ತದಲ್ಲ, ಅದನ್ನು ಇದ್ದ ಹಾಗೇ ಎತ್ತಿಕೊಂಡರೂ ರೇಡಿಯೋ.

ಆದರೆ ನಡುವೆ ಒಂದು ದೃಶ್ಯ ಇದೆ. ಇಬ್ಬರು ಗಗನಯಾತ್ರಿಗಳು ಹಾಲ್‌ಗೆ ಕೇಳಿಸಬಾರದು ಅಂತ ಪುಟ್ಟ ಉಪನೌಕೆಯಾದ ಪಾಡ್‌ನೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಆ ಕಂಪ್ಯೂಟರನ್ನು ಬಂದ್ ಮಾಡುವ ಮಾತಾಡುತ್ತಾರೆ. ಹಾಲ್ ಗಾಜಿನಾಚೆಯಿಂದ ಅವರ ತುಟಿ ಓದುತ್ತದೆ. ಸಿನಿಮಾದಲ್ಲಿ ಸದ್ದೇ ಇಲ್ಲ, ಅಲ್ಲಾಡುವ ತುಟಿ ಮಾತ್ರ. ಕೇಳುಗನ ಸ್ಥಿತಿ ಹಾಲ್‌ಗೆ ಪೂರ್ತಿ ತಿರುಗಾಮುರುಗ. ಹಾಲ್‌ಗೆ ಕಾಣುತ್ತದೆ, ಕೇಳಿಸುವುದಿಲ್ಲ. ಕೇಳುಗನಿಗೆ ಕೇಳಿಸುತ್ತದೆ, ಕಾಣುವುದಿಲ್ಲ.

ಆ ಹುಡುಗನೂ ನಾನೂ ಎರಡು ದಿನ ತಲೆ ಕೆಡಿಸಿಕೊಂಡೆವು. ನಿರೂಪಕನಿಂದ ಹೇಳಿಸಿದರೆ ಸತ್ತುಹೋಗುತ್ತದೆ. ಕೊನೆಗೆ ಅವನೇ ದಾರಿ ಹುಡುಕಿದ. ಮೊದಲು ಪಾಡ್‌ನೊಳಗಿನ ಮಾತು ಪೂರ್ತಿ ಕೇಳಿಸಬೇಕು, ಹತ್ತಿರದಿಂದ, ಪಿಸುದನಿಯಲ್ಲಿ. ಬಾಗಿಲು ಭದ್ರವಾಗಿದೆ ಅಂತ ನಮಗೆ ಸಮಾಧಾನ ಆಗಬೇಕು. ಆಮೇಲೆ ಒಂದು ಕಟ್. ನೌಕೆಯ ಗುಂಯ್ ಮಾತ್ರ. ಅದರ ನಡುವೆ ಹಾಲ್‌ನ ಮೆತ್ತನೆಯ ದನಿ, ಅಕ್ಷರ ಕಲಿಯುವ ಮಗುವಿನ ಹಾಗೆ, ನಾವು ಈಗಷ್ಟೇ ಕೇಳಿದ ಮಾತಿನ ಚೂರುಗಳನ್ನು ಒಂದೊಂದಾಗಿ ಜೋಡಿಸುತ್ತದೆ. ಒಂದು ಪದ ತಪ್ಪಾಗಿ ಹೇಳಿ ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿ ಕೇಳಿದಾಗ ನನಗೆ ಮೈ ಜುಂ ಅಂದಿತು. ತುಟಿ ಎನ್ನುವ ಪದವೇ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಸಿನಿಮಾದಲ್ಲಿ ಹಾಲ್ ಅಲ್ಲಿ ಏನೂ ಮಾತಾಡುವುದಿಲ್ಲ, ನಿಜ. ಮೂಲಕ್ಕೆ ನಿಷ್ಠೆ ಅಂದರೆ ಮೂಲದ ಮಾತಿಗಲ್ಲ, ಆ ದೃಶ್ಯ ನಮ್ಮ ಹೊಟ್ಟೆಯಲ್ಲಿ ಹುಟ್ಟಿಸಿದ ಭಯಕ್ಕೆ.

ಇಷ್ಟು ಹೊತ್ತು ಕತ್ತರಿಸುವ ಮಾತಾಡಿದೆ. ಉಲ್ಟಾ ಕೂಡ ಆಗುತ್ತದೆ. 1981ರಲ್ಲಿ ಅಮೆರಿಕದ ಎನ್‌ಪಿಆರ್ ‘ಸ್ಟಾರ್ ವಾರ್ಸ್’ ಅನ್ನು 13 ಕಂತುಗಳಲ್ಲಿ ಪ್ರಸಾರ ಮಾಡಿತು. ಎರಡು ಗಂಟೆಯ ಸಿನಿಮಾ ಸುಮಾರು ಆರು ಗಂಟೆ ಆಯಿತು. ಬರೆದವರು ಬ್ರಯಾನ್ ಡೇಲಿ. ಚಿತ್ರ ಶುರುವಾಗುವುದಕ್ಕೆ ಮೊದಲಿನ ಸಂಗತಿಗಳಿಂದಲೇ ಅವರು ಕಥೆ ಎತ್ತಿಕೊಂಡರು. ಪರದೆಯ ಮೇಲೆ ಹಡಗೊಂದು ತಲೆಯ ಮೇಲೆ ಹಾದುಹೋದರೆ ನೋಡುಗ ಬಾಯಿ ಬಿಟ್ಟು ಕೂರುತ್ತಾನೆ, ಅವರು ಯಾರು ಏನು ಅಂತ ಕೇಳುವುದಿಲ್ಲ. ಕೇಳುಗ ಕೇಳುತ್ತಾನೆ. ಅವನಿಗೆ ಹಡಗಿಗಿಂತ ಮೊದಲು ಮನುಷ್ಯರು ಬೇಕು. ವೇಡರ್ ಪಾತ್ರಕ್ಕೆ ಬೇರೆ ಧ್ವನಿ, ಬ್ರಾಕ್ ಪೀಟರ್ಸ್ ಅವರದು. ಆದರೆ ಆ ಉಸಿರಾಟ ಅದೇ. ಬಾಯಿ ತೆರೆಯುವ ಮೊದಲೇ ಯಾರು ಬಂದರು ಅಂತ ಗೊತ್ತಾಗುತ್ತದೆ. ಇನ್ನು ಆರ್2-ಡಿ2 ಎಂಬ ರೋಬೋ, ಬರೀ ಬೀಪ್ ಬೀಪ್. ಪಕ್ಕದಲ್ಲೇ ವಟವಟ ಅನ್ನುವ ಇನ್ನೊಂದು ರೋಬೋ ಸಿ-3ಪಿಓ ಇದ್ದಾನೆ, ಅವನು ಉತ್ತರ ಕೊಡುವ ನೆಪದಲ್ಲಿ ಅರ್ಥ ಹೇಳಿಬಿಡುತ್ತಾನೆ. ಆ ಜೋಡಿ ರೇಡಿಯೋಗೇ ಹುಟ್ಟಿದ್ದು ಅನ್ನಿಸಿಬಿಡುತ್ತದೆ.

ನಿಮ್ಮಲ್ಲೊಬ್ಬರಿಂದ ಒಂದು ಚೀಟಿ ಬಂದಿದೆ. "ಹಕ್ಕು ಪಡೆಯುವುದು ಹೇಗೆ, ತುಂಬಾ ಖರ್ಚಾಗುತ್ತದಾ?" ಒಳ್ಳೆಯ ಪ್ರಶ್ನೆ, ಇದನ್ನು ನಾನೇ ಮೊದಲು ಹೇಳಬೇಕಿತ್ತು. ‘ಸ್ಟಾರ್ ವಾರ್ಸ್’ ರೇಡಿಯೋ ಹಕ್ಕನ್ನು ಜಾರ್ಜ್ ಲೂಕಸ್ ತಾವು ಓದಿದ ವಿಶ್ವವಿದ್ಯಾಲಯದ ರೇಡಿಯೋ ಕೇಂದ್ರಕ್ಕೆ ಕೊಟ್ಟದ್ದು ಒಂದು ಡಾಲರಿಗೆ. ನಮಗೆ ಅಂಥ ಹಳೆಯ ವಿದ್ಯಾರ್ಥಿ ಸಿಗುವುದು ಕಷ್ಟ. ಹಾಗಾಗಿ ಸ್ಕ್ರಿಪ್ಟಿನ ಮೊದಲ ಪುಟ ಬರೆಯುವ ಮುಂಚೆ ಹಕ್ಕು ಯಾರ ಬಳಿ ಇದೆ ಅಂತ ಹುಡುಕಿ, ಅವರಿಗೊಂದು ಪತ್ರ ಹಾಕಿ. ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು. ಅಷ್ಟರಲ್ಲಿ ಆ ಸಿನಿಮಾವನ್ನು ಪರದೆಗೆ ಬೆನ್ನು ಹಾಕಿ ಕೂತು ಒಂದು ಸಲ ಕೇಳಿ. ಎಲ್ಲಿ ತಿರುಗಿ ನೋಡಬೇಕು ಅನ್ನಿಸುತ್ತದೋ ಅಲ್ಲಿ ಟೈಮ್ ಬರೆದುಕೊಳ್ಳಿ, ನಿಮ್ಮ ಕೆಲಸ ಇರುವುದು ಅಲ್ಲೇ.